ಅಂಗೈಗೆ ಹಿಡಿಸುವ ಶರ್ಮನ್

ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಸಂಗ್ರಹದಲ್ಲಿ 1945ರ ಮಾರ್ಚ್ 29ರ ಒಂದು ಕಪ್ಪುಬಿಳುಪು ಫೋಟೋ ಇದೆ. ಬರ್ಮಾದ ಮೇಕ್ತಿಲಾಕ್ಕೆ ಹೋಗುವ ರಸ್ತೆಯಲ್ಲಿ ಒಂದು ಶರ್ಮನ್ ಟ್ಯಾಂಕು, ಅದಕ್ಕೆ ಎದುರಾದ ಒಂದು ಆನೆ. ಆನೆಯ ಹೆಸರು ಮೋತಿ. ಜಪಾನೀಯರ ವಶದಿಂದ ಆಗಷ್ಟೇ ಬಿಡುಗಡೆಯಾಗಿತ್ತು. ಟ್ಯಾಂಕು ರಾಯಲ್ ಡೆಕ್ಕನ್ ಹಾರ್ಸ್ ರೆಜಿಮೆಂಟಿನದು, 255ನೇ ಇಂಡಿಯನ್ ಟ್ಯಾಂಕ್ ಬ್ರಿಗೇಡಿಗೆ ಸೇರಿದ್ದು. ನೋಡಿದವರ ಕಣ್ಣು ಮೊದಲು ಆನೆಯ ಮೇಲೇ ಹೋಗುತ್ತದೆ, ಹೋಗಬೇಕಾದದ್ದೇ. ಆದರೆ ಯುದ್ಧದಾಟಕ್ಕೆ ಪುಟ್ಟ ಟ್ಯಾಂಕುಗಳನ್ನು ಕಟ್ಟಿ ಬಣ್ಣ ಬಳಿಯುವ ಹವ್ಯಾಸದವರು ಇಂಥ ಚಿತ್ರದ ಮುಂದೆ ಹೆಚ್ಚು ಹೊತ್ತು ಕೂರುತ್ತಾರೆ. ಆನೆಯೆತ್ತರಕ್ಕೆ ಟ್ಯಾಂಕು ಎಷ್ಟೆತ್ತರ? ಇದು ಶರ್ಮನ್‌ನ ಯಾವ ಬಗೆ? ಮೂಲ ಬಣ್ಣ ಯಾವುದು, ಮೇಲೆ ಕೂತ ಧೂಳು ಯಾವುದು?

ಈ ಹವ್ಯಾಸಕ್ಕೆ ಇಂಗ್ಲಿಷಿನಲ್ಲಿ ವಾರ್‌ಗೇಮಿಂಗ್ ಎನ್ನುತ್ತಾರೆ. ಮೇಜಿನ ಮೇಲೆ ಗುಡ್ಡ, ಮರ, ಮನೆ, ಹೊಳೆ ಹರಡಿ, ನಡುವೆ ಚಿಕ್ಕ ಸೈನಿಕರನ್ನೂ ವಾಹನಗಳನ್ನೂ ನಿಲ್ಲಿಸಿ, ಅಳತೆಪಟ್ಟಿಯಿಂದ ಅಳೆದು ನಡೆಸಿ, ದಾಳ ಉರುಳಿಸಿ ಆಡುವ ಆಟ. ಇಂಗ್ಲೆಂಡ್, ಅಮೆರಿಕ, ನ್ಯೂಜಿಲೆಂಡ್‌ಗಳಲ್ಲಿ ಇದಕ್ಕೆ ದೊಡ್ಡ ಬಳಗವಿದೆ, ಅದಕ್ಕೆ ತಕ್ಕ ಉದ್ಯಮವೂ ಇದೆ. ಎರಡನೆಯ ಮಹಾಯುದ್ಧವನ್ನು ಆಡುವವರ ಮೇಜುಗಳಲ್ಲಿ ನಾರ್ಮಂಡಿಯ ಹಸಿರು ಬೇಲಿಗಳು, ರಷ್ಯಾದ ಹಿಮ, ಜರ್ಮನಿಯ ಟೈಗರ್ ಮತ್ತು ಪ್ಯಾಂಥರ್ ಟ್ಯಾಂಕುಗಳು ತುಂಬಿವೆ. ಬರ್ಮಾ ಅಪರೂಪ. ಭಾರತೀಯ ಟ್ಯಾಂಕ್ ರೆಜಿಮೆಂಟ್ ಇನ್ನೂ ಅಪರೂಪ. ಆ ರೆಜಿಮೆಂಟುಗಳ ಸಿಬ್ಬಂದಿಗೆ ಮೇಜಿನ ಮೇಲೆ ಜಾಗ ಸಿಗಬೇಕು. ಅದನ್ನು ಒದಗಿಸಲು ಎಂಟು ಸೆಂಟಿಮೀಟರ್ ಪ್ಲಾಸ್ಟಿಕ್ಕೂ ಕೆಲವು ಸಂಜೆಗಳ ತಾಳ್ಮೆಯೂ ಸಾಕು. ಈ ಲೇಖನ ಅದರ ಬಗ್ಗೆ.

ಆಟದ ಬೇರು ನಾವು ತಿಳಿದದ್ದಕ್ಕಿಂತ ಹತ್ತಿರದ್ದು. 1780ರಲ್ಲಿ ಜರ್ಮನಿಯ ಬ್ರನ್ಸ್‌ವಿಕ್‌ನ ಹೆಲ್‌ವಿಗ್ ಎಂಬ ಮೇಷ್ಟ್ರು ಚೆಸ್ ಮಣೆಯನ್ನೇ ಹಿಗ್ಗಿಸಿ, ಮನೆಗಳಿಗೆ ಬೇರೆ ಬೇರೆ ನೆಲದ ಬಣ್ಣ ಕೊಟ್ಟು, ಯುದ್ಧ ಕಲಿಸುವ ಆಟ ಮಾಡಿದರು. ಆ ಚೆಸ್ಸಿನ ತವರು ನಮ್ಮ ಚತುರಂಗ. ಮುಂದೆ ಪ್ರಷ್ಯಾದಲ್ಲಿ ರೈಸ್‌ವಿಟ್ಸ್ ಎಂಬ ತಂದೆ-ಮಗ ಚೌಕಗಳನ್ನೇ ಕಿತ್ತುಹಾಕಿದರು. ತಂದೆ 1812ರಲ್ಲಿ ಎತ್ತರ-ತಗ್ಗಿನ ನೆಲದ ಹಲಗೆಗಳಿದ್ದ ಮೇಜನ್ನು ರಾಜನಿಗೆ ಒಪ್ಪಿಸಿದರೆ, ಫಿರಂಗಿ ದಳದ ಅಧಿಕಾರಿಯಾಗಿದ್ದ ಮಗ 1824ರಲ್ಲಿ ನಿಜವಾದ ನಕ್ಷೆ, ದಾಳ ಮತ್ತು ತೀರ್ಪುಗಾರ ಇರುವ ಆಟದ ನಿಯಮಗಳನ್ನು ಅಚ್ಚು ಹಾಕಿಸಿದ. ಪ್ರಷ್ಯಾದ ಸೇನಾ ಮುಖ್ಯಸ್ಥ ಮ್ಯೂಫ್ಲಿಂಗ್ ಅದನ್ನು ಇಡೀ ಸೈನ್ಯಕ್ಕೆ ಶಿಫಾರಸು ಮಾಡಿದ. ಹೆಚ್ಚುಕಮ್ಮಿ ಅದೇ ಕಾಲಕ್ಕೆ ಮೈಸೂರಿನ ಅರಮನೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಚದುರಂಗದ ಕುದುರೆಯನ್ನು ಮಣೆಯ ಎಲ್ಲ ಮನೆಗಳಲ್ಲೂ ಒಂದೊಂದೇ ಸಲ ಓಡಿಸುವ ಬಂಧಗಳನ್ನು ರಚಿಸುತ್ತಿದ್ದರು. ಎರಡಕ್ಕೂ ನೇರ ನಂಟಿಲ್ಲ. ಒಂದೇ ಬೇರಿನ ಆಟ ಒಂದು ಕಡೆ ಯುದ್ಧದತ್ತ, ಇನ್ನೊಂದು ಕಡೆ ಗಣಿತದತ್ತ ಹೊರಳಿತು ಅನ್ನುವುದು ನನಗೆ ಪ್ರಿಯವಾದ ಸಂಗತಿ.

ಸೈನ್ಯದ ಕೋಣೆಯಿಂದ ಆಟವನ್ನು ಮನೆಗೆ ತಂದವರಲ್ಲಿ ಕಾದಂಬರಿಕಾರ ಎಚ್.ಜಿ. ವೆಲ್ಸ್ ದೊಡ್ಡ ಹೆಸರು. 1913ರ ಅವರ ‘ಲಿಟಲ್ ವಾರ್ಸ್’ ಪುಸ್ತಕದಲ್ಲಿ ಸ್ಪ್ರಿಂಗ್ ಫಿರಂಗಿಯಿಂದ ಮರದ ತುಂಡು ಹಾರಿಸಿ ಸೀಸದ ಸೈನಿಕರನ್ನು ಬೀಳಿಸುವ ಆಟದ ವಿವರವಿದೆ. ದೊಡ್ಡ ಯುದ್ಧ ಬೇಕೆನ್ನುವವರು ಇದನ್ನು ಆಡಿ ನೋಡಲಿ, ನಿಜದ್ದು ಎಂಥ ಅನಾಹುತ ಎಂದು ಅರ್ಥವಾಗುತ್ತದೆ ಎಂಬುದು ವೆಲ್ಸ್ ವಾದ. ಮರುವರ್ಷವೇ ಮೊದಲ ಮಹಾಯುದ್ಧ ಬಂತು. 1962ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ ಬರೆದ ‘ವಾರ್ ಗೇಮ್ಸ್’ ಪುಸ್ತಕ ಮತ್ತು ಅದೇ ದಶಕದಲ್ಲಿ ಅಂಗಡಿಗಳಿಗೆ ಬಂದ ಏರ್‌ಫಿಕ್ಸ್‌ನ ಅಗ್ಗದ ಪ್ಲಾಸ್ಟಿಕ್ ಟ್ಯಾಂಕುಗಳು ಸೇರಿ ಇವತ್ತಿನ ಹವ್ಯಾಸವನ್ನು ಕಟ್ಟಿದವು.

ಈಗ ಟ್ಯಾಂಕಿಗೆ ಬರೋಣ. ಮೊದಲ ತೀರ್ಮಾನ ಅಳತೆಯದು. ಪ್ರದರ್ಶನಕ್ಕೆ ಕಟ್ಟುವವರಲ್ಲಿ 1/35 ಜನಪ್ರಿಯ. ಜಪಾನಿನ ಟಮಿಯಾ ಕಂಪನಿ ಅರವತ್ತರ ದಶಕದ ಆರಂಭದಲ್ಲಿ ತನ್ನ ಪ್ಯಾಂಥರ್ ಕಿಟ್ಟಿನೊಳಗೆ ಮೋಟರು, ಬ್ಯಾಟರಿ ಕೂರಿಸಲು ಹೋದಾಗ ಒಡಲು ಆ ಗಾತ್ರಕ್ಕೆ ಬಂತು, ಅದೇ ಮುಂದೆ ಲೋಕದ ಅಳತೆಯಾಯಿತು. ಆದರೆ 1/35ರಲ್ಲಿ ನಾಲ್ಕು ಟ್ಯಾಂಕು ಇಟ್ಟರೆ ಊಟದ ಮೇಜು ತುಂಬಿಹೋಗುತ್ತದೆ. ಆಟಗಾರರು ಬಳಸುವುದು 28 ಮಿಲಿಮೀಟರ್ ಬೊಂಬೆಗಳಿಗೆ ಹೊಂದುವ 1/56, 15 ಮಿಲಿಮೀಟರ್ ಬೊಂಬೆಗಳಿಗೆ ಹೊಂದುವ 1/100, ಬೆರಳ ತುದಿಯಲ್ಲಿ ಕೂರುವ 1/285. ಇವುಗಳ ನಡುವೆ 1/72 ನನ್ನ ಆಯ್ಕೆ. ಆರು ಅಡಿಗೆ ಒಂದಂಗುಲ ಎಂಬ ಸರಳ ಲೆಕ್ಕ ಅದರದು. ಕಿಟ್ಟಿನ ಬೆಲೆ ಕೈಗೆಟಕುತ್ತದೆ, ಮಗುವಿನ ಕೈಗೂ ಸಿಗುವಷ್ಟು ದೊಡ್ಡದು, ಮುಖದ ಮೇಲೆ ಕಣ್ಣು ಬರೆಯಬೇಕಾದಷ್ಟು ದೊಡ್ಡದಲ್ಲ.

ಬರ್ಮಾದಲ್ಲಿ ಭಾರತೀಯ ರೆಜಿಮೆಂಟುಗಳಿಗೆ ಸಿಕ್ಕ ಶರ್ಮನ್ ಎಂ4ಎ4. ಬ್ರಿಟಿಷ್ ಲೆಕ್ಕದಲ್ಲಿ ಶರ್ಮನ್ 5. ಉದ್ದ ಸುಮಾರು 6 ಮೀಟರ್, ಎತ್ತರ 2.7 ಮೀಟರ್, ತೂಕ 30 ಟನ್ನಿಗೂ ಮೇಲೆ, ಒಳಗೆ ಐವರು. 1/72ಕ್ಕೆ ಇಳಿಸಿದರೆ ಉದ್ದ ಎಂಟೂವರೆ ಸೆಂಟಿಮೀಟರ್, ಎತ್ತರ ನಾಲ್ಕಕ್ಕೂ ಕಡಿಮೆ. ಪಕ್ಕದಲ್ಲಿ ನಡೆಯುವ ಸಿಪಾಯಿ ಎರಡೂಕಾಲು ಸೆಂಟಿಮೀಟರ್. ಅಂಗೈ ಮೇಲಿಟ್ಟರೆ ಬೆರಳು ಮಡಚಿ ಮುಚ್ಚಬಹುದು.

ಈ ಎಂ4ಎ4 ಒಂದು ವಿಚಿತ್ರ ಯಂತ್ರ. ಟ್ಯಾಂಕಿಗೆ ಎಂಜಿನ್ ಸಾಲದೆ ಬಂದಾಗ ಡೆಟ್ರಾಯಿಟ್‌ನ ಕ್ರೈಸ್ಲರ್ ಕಂಪನಿ ಐದು ಕಾರ್ ಎಂಜಿನ್‌ಗಳನ್ನು ಒಂದೇ ಅಚ್ಚಿನ ಸುತ್ತ ನಕ್ಷತ್ರದಂತೆ ಕೂರಿಸಿ ಮೂವತ್ತು ಸಿಲಿಂಡರಿನ ಒಂದು ಎಂಜಿನ್ ಮಾಡಿತು. ಅದು ಮಾಮೂಲಿ ಶರ್ಮನ್‌ನ ಹೊಟ್ಟೆಯಲ್ಲಿ ಹಿಡಿಸಲಿಲ್ಲ. ಒಡಲನ್ನು 11 ಅಂಗುಲ ಉದ್ದ ಮಾಡಬೇಕಾಯಿತು, ಚಕ್ರಗಳ ಬೋಗಿಗಳನ್ನು ದೂರ ದೂರ ಜರುಗಿಸಬೇಕಾಯಿತು, ಸರಪಳಿಗೆ ಪಕ್ಕಕ್ಕೆ 79ರ ಬದಲು 83 ಕೊಂಡಿ ಬೇಕಾಯಿತು. ಹಿಂಭಾಗದ ಮೇಲ್ತಟ್ಟೆಯಲ್ಲಿ ರೇಡಿಯೇಟರಿಗೆಂದು ಒಂದು ಉಬ್ಬೂ ಬಂತು. ಅಮೆರಿಕದ ಸೈನ್ಯ ಈ ಬಗೆಯನ್ನು ಮುಖ್ಯವಾಗಿ ಮಿತ್ರರಿಗೆ ಕೊಟ್ಟುಬಿಟ್ಟಿತು.

ಆ 11 ಅಂಗುಲ 1/72ರಲ್ಲಿ 4 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಹಾಗಿದ್ದೂ ಬಲ್ಲವರು ಮೇಜಿನ ಆಚೆ ಬದಿಯಿಂದಲೇ ಗುರುತಿಸುತ್ತಾರೆ: ಬೋಗಿಗಳ ನಡುವೆ ಅಗಲದ ಸಂದು ಕಂಡರೆ ಬಹುತೇಕ ಎಂ4ಎ4, ಕಾಣದಿದ್ದರೆ ಬೇರೆ. ಕಿಟ್ ಕೊಳ್ಳುವಾಗ ನೋಡಬೇಕಾದ ಮೊದಲ ಅಂಶ ಇದು. ಡಬ್ಬಿಯ ಮೇಲೆ ಶರ್ಮನ್ ಎಂದಿದ್ದರೆ ಸಾಲದು. ಸಾಮಾನ್ಯ ಎಂ4 ತಂದು ಡೆಕ್ಕನ್ ಹಾರ್ಸ್‌ನ ಗುರುತು ಅಂಟಿಸಿದರೂ ಆಟ ನಡೆಯುತ್ತದೆ, ದಾಳಕ್ಕೆ ಬೋಗಿ ಲೆಕ್ಕವಿಲ್ಲ. ಆದರೂ ಆ 4 ಮಿಲಿಮೀಟರಿಗಾಗಿ ಹುಡುಕುವುದು ಸಾರ್ಥಕ ಎನ್ನುವುದು ನನ್ನ ಖಚಿತ ನಿಲುವು. ಆ ಸಂದಿನಲ್ಲಿ ಒಂದು ಕಾರ್ಖಾನೆಯ ಅವಸರವಿದೆ, ಒಂದು ಸೈನ್ಯಕ್ಕೆ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬ ಕಥೆಯಿದೆ.

ಕಟ್ಟುವ ಕೆಲಸ ತೊಳೆಯುವುದರಿಂದ ಶುರು. ಅಚ್ಚಿನಿಂದ ಬಿಡಿಸಲು ಹಚ್ಚಿದ ಎಣ್ಣೆಯ ಪಸೆ ಪ್ಲಾಸ್ಟಿಕ್ ಮೇಲೆ ಉಳಿದಿರುತ್ತದೆ. ಪಾತ್ರೆ ತೊಳೆಯುವ ಸೋಪಿನ ಉಗುರುಬೆಚ್ಚಗಿನ ನೀರಿನಲ್ಲಿ ಚೌಕಟ್ಟು ಸಮೇತ ಮುಳುಗಿಸಿ ಒಣಗಿಸಬೇಕು, ಇಲ್ಲದಿದ್ದರೆ ಬಣ್ಣ ಹಿಡಿಯುವುದಿಲ್ಲ. ಭಾಗಗಳನ್ನು ಕೈಯಲ್ಲಿ ಮುರಿಯದೆ ಚಪ್ಪಟೆ ಮೂತಿಯ ಕಟ್ಟರಿನಲ್ಲಿ ಸ್ವಲ್ಪ ದೂರದಿಂದ ಕತ್ತರಿಸಿ, ಉಳಿದ ಮೊಳಕೆಯನ್ನು ಬ್ಲೇಡಿನಲ್ಲಿ ಸವರಬೇಕು. ಅಚ್ಚಿನ ಎರಡು ಹೋಳು ಕೂಡಿದಲ್ಲಿ ಕೂದಲೆಳೆಯ ಗೆರೆ ಇರುತ್ತದೆ. ಫಿರಂಗಿ ನಳಿಕೆಯ ಉದ್ದಕ್ಕೂ ಅದು ಉಳಿದರೆ ಬಣ್ಣ ಬಿದ್ದ ಮೇಲೆ ಎದ್ದು ಕಾಣುತ್ತದೆ. ಬ್ಲೇಡನ್ನು ನೆಟ್ಟಗೆ ಹಿಡಿದು ಕೆರೆದರೆ ಹೋಗುತ್ತದೆ.

ಅಂಟಿನ ವಿಷಯ ಹೊಸಬರಿಗೆ ಹೇಳಲೇಬೇಕು. ಪ್ಲಾಸ್ಟಿಕ್ ಕಿಟ್ಟಿನ ಅಂಟು ನಿಜಕ್ಕೂ ಅಂಟೇ ಅಲ್ಲ, ಅದು ದ್ರಾವಕ. ಪಾಲಿಸ್ಟೈರೀನ್‌ನ ಎರಡು ಮೈಗಳನ್ನು ಕರಗಿಸಿ ಒಂದಾಗಿಸುತ್ತದೆ, ಬೆಸುಗೆಯೇ ಅದು. ಭಾಗಗಳನ್ನು ಮೊದಲು ಜೋಡಿಸಿ ಹಿಡಿದು, ಸಂದಿಗೆ ಕುಂಚದ ತುದಿ ತಾಕಿಸಿದರೆ ಸಾಕು, ದ್ರವ ತಾನಾಗಿ ಒಳಗೆ ಓಡುತ್ತದೆ. ರೆಸಿನ್, ಲೋಹದ ಭಾಗಗಳಿಗೆ ಇದು ನಡೆಯುವುದಿಲ್ಲ, ಅವಕ್ಕೆ ಸೂಪರ್‌ಗ್ಲೂ. ಎರಡಕ್ಕೂ ಕಿಟಕಿ ತೆರೆದಿರಬೇಕು.

ಆಟದ ಮಾದರಿಯೂ ಗಾಜಿನ ಬೀರುವಿನ ಮಾದರಿಯೂ ಬೇರೆಯಾಗುವುದು ಈ ಹಂತದಲ್ಲೇ. ಬೀರುವಿನದನ್ನು ಒಬ್ಬರು ಹತ್ತಿರದಿಂದ ನೋಡುತ್ತಾರೆ, ಯಾರೂ ಮುಟ್ಟುವುದಿಲ್ಲ. ಆಟದ್ದನ್ನು ಒಂದು ಮಧ್ಯಾಹ್ನದಲ್ಲಿ ಹತ್ತಾರು ಸಲ ಎತ್ತಿಡುತ್ತಾರೆ, ಡಬ್ಬಿಯಲ್ಲಿ ಹಾಕಿ ಬಸ್ಸಿನಲ್ಲಿ ಒಯ್ಯುತ್ತಾರೆ, ಗೆಳೆಯನ ಮಗಳು ಹಿಡಿದು ಓಡಿಸುತ್ತಾಳೆ. ಆದ್ದರಿಂದ ಆಂಟೆನಾಕ್ಕೆ ಅಳತೆಗೆ ಸರಿಯಾದ ಕೂದಲೆಳೆಯ ತಂತಿ ಬೇಡ, ಬಾಗಿ ನೆಟ್ಟಗಾಗುವ ಬ್ರಶ್ಶಿನ ನೈಲಾನ್ ಎಳೆ ಇರಲಿ. ಮುಂಭಾಗದ ದೀಪಗಳ ಕಾವಲು ಸರಳುಗಳು ತುಸು ದಪ್ಪವಿದ್ದರೂ ಸರಿ. ಫಿರಂಗಿ ಹೊತ್ತು ತಿರುಗುವ ಟರೆಟ್ಟನ್ನು ಅಂಟಿಸಲೇಬಾರದು, ಫಿರಂಗಿ ಯಾವ ಕಡೆ ತಿರುಗಿದೆ ಎನ್ನುವುದು ಆಟದಲ್ಲಿ ಒಂದು ಮಾಹಿತಿ. ಒಡಲು ಮುಚ್ಚುವ ಮುನ್ನ ಒಳಗೆ ಒಂದೆರಡು ನಟ್ಟು ಅಂಟಿಸಿ ಭಾರ ಕೊಟ್ಟರೆ ಮೇಜಿನ ಮೇಲೆ ಗಟ್ಟಿಯಾಗಿ ಕೂರುತ್ತದೆ. ಕೈಗೆ ಭಾರ ಸಿಕ್ಕಿದಾಗ ಪ್ಲಾಸ್ಟಿಕ್ ಎಂಬುದೇ ಮರೆತುಹೋಗುತ್ತದೆ.

ಹೊರಗೆ ಕಟ್ಟುವ ಸಾಮಾನಿನಲ್ಲಿ ಮಾತ್ರ ಜಿಪುಣತನ ಬೇಡ. ಬೇಸಿಗೆಯ ಬರ್ಮಾದಲ್ಲಿ ಐದು ಜನ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿ ಬದುಕಿದ್ದರು. ಹಾಸಿಗೆ ಸುರುಳಿ, ತಾಡಪಾಲು, ನೀರಿನ ಕ್ಯಾನು, ಅಡುಗೆ ಪಾತ್ರೆ, ಬಿಡಿ ಸರಪಳಿ ಕೊಂಡಿ ಎಲ್ಲ ಹೊರಗೇ. ಒಳಗೆ 75 ಮಿಲಿಮೀಟರಿನ 97 ಗುಂಡುಗಳಿಗೆ ಜಾಗ ಕೊಟ್ಟ ಮೇಲೆ ಬೇರೇನಕ್ಕೂ ಎಡೆಯಿಲ್ಲ. ಟಿಶ್ಯೂ ಕಾಗದವನ್ನು ನೀರು ಬೆರೆಸಿದ ಫೆವಿಕಾಲ್‌ನಲ್ಲಿ ಅದ್ದಿ ಸುತ್ತಿದರೆ ಒಣಗಿದ ಮೇಲೆ ಹೊಲಿಗೆಯಿಲ್ಲದ ತಾಡಪಾಲು. ದಾರ ಸುತ್ತಿ ಎರಡು ಕಡೆ ಕಟ್ಟಿದರೆ ಹಾಸಿಗೆ.

ಬಣ್ಣಕ್ಕೆ ಬರುವ ಮುನ್ನ ನೆಲದ ಮಾತು ಆಡಬೇಕು, ಬಣ್ಣ ತೀರ್ಮಾನವಾಗುವುದು ಅಲ್ಲಿ. ಬರ್ಮಾ ಎಂದ ಕೂಡಲೇ ಎಲ್ಲರ ತಲೆಯಲ್ಲೂ ಹಸಿರು ಕಾಡು, ಎಡೆಬಿಡದ ಮಳೆ, ಕೆಸರು. ಗಡಿಯ ಈಚೆಗಿನ ಕೊಹಿಮಾ, ಇಂಫಾಲದ ಯುದ್ಧಕಥೆಗಳೂ ಅಂಥವೇ. ಮೇಕ್ತಿಲಾ ಹಾಗಲ್ಲ. ಅದು ಬರ್ಮಾದ ಒಣ ವಲಯದ ನಡುಮಧ್ಯೆ ಇರುವ ಊರು. ಮಳೆ ಕಡಿಮೆ, ನೆಲ ಮಟ್ಟಸ, ಅಲ್ಲಲ್ಲಿ ತಾಳೆಮರ, ಕಳ್ಳಿಬೇಲಿ, ಒಣಗಿದ ಹಳ್ಳ. ರಾಯಚೂರು, ಬಳ್ಳಾರಿ ಕಡೆಯವರಿಗೆ ಆ ಫೋಟೋಗಳು ಅಪರಿಚಿತವೆನಿಸುವುದಿಲ್ಲ. ಫೆಬ್ರವರಿ-ಮಾರ್ಚ್ ತಿಂಗಳಲ್ಲಿ ಅಲ್ಲಿ ಟ್ಯಾಂಕುಗಳ ಸಾಲು ಹೋದರೆ ಹಿಂದಿನದಕ್ಕೆ ಮುಂದಿನದು ಕಾಣದಷ್ಟು ಧೂಳು. ಟ್ಯಾಂಕು ಓಡಲು ಬೇಕಾದ ಬಯಲು ಸಿಕ್ಕಿದ್ದೂ ಅಲ್ಲೇ. ಕಾಡಿನ ಹಸಿರು ಬಳಿದು ಕೆಸರು ಹಚ್ಚಿ ‘ಬರ್ಮಾ ಶರ್ಮನ್’ ಎಂದರೆ ಅದು ಮೇಕ್ತಿಲಾದ್ದಲ್ಲ.

ಅಮೆರಿಕದ ಕಾರ್ಖಾನೆಯಿಂದ ಶರ್ಮನ್‌ಗಳು ಆಲಿವ್ ಡ್ರ್ಯಾಬ್ ಬಣ್ಣದಲ್ಲಿ ಹೊರಟವು. ಬ್ರಿಟಿಷ್ ಸೇನೆಯೂ 1944ರಲ್ಲಿ ಎಸ್‌ಸಿಸಿ 15 ಎಂಬ ತನ್ನದೇ ಆಲಿವ್ ಡ್ರ್ಯಾಬ್‌ಗೆ ಬಂತು, ಅದು ತುಸು ಹಸಿರು ಹೆಚ್ಚಿನದು. ಬಣ್ಣ ಹಿಡಿಯಲೆಂದು ಮೊದಲು ಹಚ್ಚುವ ಪ್ರೈಮರ್ ಒಣಗಿದ ಮೇಲೆ ಈ ಬಣ್ಣವನ್ನು ಶೀಶೆಯಿಂದ ಹಾಗೇ ಬಳಿದರೆ ಮಾದರಿ ಕಪ್ಪು ಮುದ್ದೆಯಾಗಿ ಕಾಣುತ್ತದೆ. ನಿಜವಾದ ಟ್ಯಾಂಕನ್ನು ನಾವು ನೋಡುವುದು ಬಿಸಿಲಿನಲ್ಲಿ, ನಡುವೆ ಗಾಳಿ-ಧೂಳಿನ ಪರದೆಯೊಂದಿಗೆ. ದೂರ ಹೆಚ್ಚಿದಂತೆ ಬಣ್ಣ ತಿಳಿಯಾಗುತ್ತದೆ. ಮೇಜಿನ ಮೇಲಿನ ಟ್ಯಾಂಕನ್ನು ನಿಂತ ಆಟಗಾರ ಒಂದು ಮೀಟರ್ ಮೇಲಿನಿಂದ ನೋಡುತ್ತಾನೆ. 1/72ರ ಲೆಕ್ಕದಲ್ಲಿ ಅದು 72 ಮೀಟರ್. ಹಾಗಾಗಿ ಮೂಲ ಬಣ್ಣಕ್ಕೆ ಮರಳುಬಣ್ಣದ ಕೆಲವು ಹನಿ ಬೆರೆಸಿ ತಿಳಿ ಮಾಡಬೇಕು. ಬಿಸಿಲು ಬೀಳುವ ಮೇಲ್ಮುಖದ ತಟ್ಟೆಗಳಿಗೆ ಇನ್ನೂ ತಿಳಿ, ಬೋಗಿಗಳ ಸುತ್ತ, ಹೊಟ್ಟೆಯ ಕೆಳಗೆ ಮೂಲ ಬಣ್ಣದ ಗಾಢತೆ. ಕೋಣೆಯ ಬಲ್ಬು ಬರ್ಮಾದ ಸೂರ್ಯನಲ್ಲ, ಅದು ಮಾಡದ ಕೆಲಸವನ್ನು ಕುಂಚ ಮಾಡಬೇಕು. ಹತ್ತಿರದಿಂದ ನೋಡಿದರೆ ಇದು ಅತಿ ಎನಿಸೀತು. ಆಟಗಾರ ನಿಲ್ಲುವ ಜಾಗದಿಂದ ನೋಡಿ ತೀರ್ಮಾನಿಸಬೇಕು.

ಮೂಲ ಬಣ್ಣ ಗಟ್ಟಿಯಾದ ಮೇಲೆ ವಾಶ್. ಕಡುಕಂದು ಬಣ್ಣವನ್ನು ನೀರಿನಷ್ಟು ತೆಳು ಮಾಡಿ, ಬಾಗಿಲುಗಳ ಅಂಚು, ಬೆಸುಗೆ ಗೆರೆ, ರಿವೆಟ್ಟಿನ ಬುಡಗಳಿಗೆ ಮಾತ್ರ ಸೂಜಿ ಕುಂಚದಿಂದ ಮುಟ್ಟಿಸುವುದು. ಕಣ್ಣಿಗೆ ಕಾಡಿಗೆ ತೀಡಿದ ಹಾಗೆ, ಅಷ್ಟರಿಂದಲೇ ಇಡೀ ಮುಖಕ್ಕೆ ಆಕಾರ ಬರುತ್ತದೆ. ಆಮೇಲೆ ಡ್ರೈಬ್ರಶ್: ಅಗಲ ಕುಂಚಕ್ಕೆ ತಿಳಿ ಬಣ್ಣ ಹಚ್ಚಿ, ಅದರಲ್ಲಿ ಹೆಚ್ಚುಕಮ್ಮಿ ಎಲ್ಲವನ್ನೂ ಬಟ್ಟೆಗೆ ಒರೆಸಿ, ಉಳಿದ ಪುಡಿಯಷ್ಟನ್ನು ಅಂಚುಗಳ ಮೇಲೆ ಸವರುವುದು. ಈ ಎರಡನ್ನು ಹದವಾಗಿ ಮಾಡಲು ಕಲಿತವರಿಗೆ ಏರ್‌ಬ್ರಶ್ ಇಲ್ಲದಿದ್ದರೂ ನಡೆಯುತ್ತದೆ. ಬಣ್ಣಗಳು ಸ್ಪೇನಿನ ವಲ್ಲೆಹೊ, ಜಪಾನಿನ ಟಮಿಯಾ ಎಂದು ತರಿಸಿಕೊಂಡರೆ ಸುಖ, ಆದರೆ ಅಷ್ಟೇ ದುಬಾರಿ. ನಮ್ಮ ಸ್ಟೇಶನರಿ ಅಂಗಡಿಯ ಕಲಾವಿದರ ಅಕ್ರಿಲಿಕ್ ಟ್ಯೂಬುಗಳನ್ನು ನೀರಿನಲ್ಲಿ ಚೆನ್ನಾಗಿ ಅರೆದು ತೆಳು ಪದರಗಳಲ್ಲಿ ಹಚ್ಚಿದರೂ ಒಳ್ಳೆಯ ಕೆಲಸ ಬರುತ್ತದೆ.

ಬರ್ಮಾದ ಶರ್ಮನ್‌ಗಳ ಫೋಟೋಗಳಲ್ಲಿ ದೊಡ್ಡ ಬಿಳಿ ನಕ್ಷತ್ರ ಎದ್ದು ಕಾಣುತ್ತದೆ, ಮಿತ್ರಪಡೆಗಳ ಗುರುತು ಅದು. ಅಚ್ಚಿನ ಡೆಕಾಲ್ ಹಾಕುವುದಾದರೆ ಅದರ ಜಾಗಕ್ಕೆ ಮೊದಲು ಹೊಳಪಿನ ವಾರ್ನಿಶ್ ಬೇಕು. ಒರಟು ಮೈಮೇಲೆ ಡೆಕಾಲ್ ಕೂರಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಿಯಂತೆ ಮಿನುಗುತ್ತದೆ. ಮೆತ್ತಗಾಗಿಸುವ ದ್ರವ ಹಚ್ಚಿದರೆ ಅದು ಸುಕ್ಕಾಗಿ, ಮತ್ತೆ ಚಪ್ಪಟೆಯಾಗಿ, ಬಣ್ಣವೇ ಎನ್ನುವಂತೆ ಕೂರುತ್ತದೆ. ಸುಕ್ಕಾದಾಗ ಗಾಬರಿಯಾಗಿ ಮುಟ್ಟಬಾರದು. ಕೊನೆಗೆ ಇಡೀ ಟ್ಯಾಂಕಿಗೆ ಮ್ಯಾಟ್ ವಾರ್ನಿಶ್. ಮಳೆಗಾಲದ ದಿನ ಸ್ಪ್ರೇ ವಾರ್ನಿಶ್ ಹೊಡೆದರೆ ಗಾಳಿಯ ತೇವಕ್ಕೆ ಮಂಜು ಕವಿದ ಹಾಗೆ ಬಿಳಿಚಿಕೊಳ್ಳುತ್ತದೆ. ಕರಾವಳಿ, ಮಲೆನಾಡಿನವರು ಜುಲೈನಲ್ಲಿ ಕುಂಚದಿಂದ ಹಚ್ಚುವುದೇ ಕ್ಷೇಮ.

ಧೂಳು ಕೊನೆಯದು. ತೆಳು ಹಳದಿ-ಕಂದಿನ ಪುಡಿಬಣ್ಣವನ್ನು ಸರಪಳಿ, ಬೋಗಿ, ಹಿಂಬದಿಯ ತಟ್ಟೆಗೆ ಧಾರಾಳವಾಗಿ, ಟರೆಟ್ ಮೇಲಕ್ಕೆ ಹೋಗುತ್ತ ಕಡಿಮೆಯಾಗಿ ಸವರಬೇಕು. ಕೈ ತಾಗುವ, ಕಾಲಿಡುವ ಜಾಗಗಳಲ್ಲಿ ಧೂಳು ನಿಲ್ಲುವುದಿಲ್ಲ. ಬಾಗಿಲ ಅಂಚು, ಹತ್ತುವ ಮೆಟ್ಟಿಲ ಸುತ್ತ ಒದ್ದೆ ಬಟ್ಟೆಯಿಂದ ಒರೆಸಿಬಿಟ್ಟರೆ ಐದು ಜನ ದಿನವೂ ಅಲ್ಲಿ ಹತ್ತಿಳಿಯುತ್ತಾರೆ ಎಂಬುದು ತಾನಾಗಿ ಗೊತ್ತಾಗುತ್ತದೆ. ಟರೆಟ್ ಬಾಗಿಲಿನಿಂದ ಎದೆಮಟ್ಟ ಹೊರಬಂದ ಕಮಾಂಡರನನ್ನು ಕೂರಿಸಿದೆ. ಸಿಖ್ ದಫೇದಾರ, ತಲೆ ಮೂರು ಮಿಲಿಮೀಟರ್. ಪೇಟದ ಒಂದೊಂದು ಮಡಿಕೆಯ ಮೇಲೆ ತಿಳಿಗೆರೆ ಎಳೆಯಲು ಉಸಿರು ಹಿಡಿಯಬೇಕಾಗುತ್ತದೆ. ಕಿಟ್ಟಿನೊಂದಿಗೆ ಬರುವ ಕಮಾಂಡರ್‌ಗಳು ಸಾಮಾನ್ಯವಾಗಿ ಹೆಲ್ಮೆಟ್ಟಿನ ಅಮೆರಿಕನ್ನರು ಇಲ್ಲವೇ ಬೆರೆಟಿನ ಬ್ರಿಟಿಷರು. ತಲೆ ಬದಲಿಸಿ, ಎಪಾಕ್ಸಿ ಪುಟ್ಟಿಯ ಎಳೆ ಸುತ್ತಿ ಪೇಟ ಮಾಡಬೇಕು. ಈ ಟ್ಯಾಂಕು ಯಾರದ್ದು ಎಂದು ಮೇಜಿನ ಆಚೆಯವರಿಗೂ ಹೇಳುವುದು ನಕ್ಷತ್ರವಲ್ಲ, ಆ ಪೇಟ.

ಮೇಕ್ತಿಲಾದಲ್ಲಿ ನಡೆದದ್ದೇನು? 1945ರ ಆರಂಭದಲ್ಲಿ ಬ್ರಿಟಿಷ್ ಜನರಲ್ ಸ್ಲಿಮ್ ಅವರ 14ನೇ ಸೈನ್ಯ ಮಂಡಾಲೆಯತ್ತ ನುಗ್ಗುವಂತೆ ತೋರಿಸಿತು. ಜಪಾನೀ ಸೇನಾಪತಿ ಕಿಮುರಾ ಅತ್ತ ಗಮನವಿಟ್ಟರು. ಈ ಕಡೆ ಸ್ಲಿಮ್ ಅವರ ಒಂದು ಇಡೀ ಕೋರ್ ಗಂಗಾವ್ ಕಣಿವೆಯಲ್ಲಿ ಗುಟ್ಟಾಗಿ ದಕ್ಷಿಣಕ್ಕೆ ಇಳಿಯಿತು. ಉತ್ತರದಲ್ಲೇ ಇದೆ ಎಂದು ನಂಬಿಸಲು ಖೋಟಾ ರೇಡಿಯೋ ಸಂದೇಶಗಳನ್ನು ಬಿತ್ತರಿಸುತ್ತಿದ್ದರು. ಫೆಬ್ರವರಿ 14ರಂದು ನ್ಯಾಂಗು ಬಳಿ ಐರಾವತಿ ನದಿ ದಾಟಿದ್ದಾಯಿತು. ಒಂದು ವಾರದ ಮೇಲೆ 17ನೇ ಇಂಡಿಯನ್ ಡಿವಿಜನ್ ಮತ್ತು 255ನೇ ಟ್ಯಾಂಕ್ ಬ್ರಿಗೇಡು ಬಯಲಿನಲ್ಲಿ ಓಟ ಕಿತ್ತವು. ಗುರಿ ಮೇಕ್ತಿಲಾ: ಜಪಾನೀ ಸೈನ್ಯದ ಉಗ್ರಾಣ, ವಿಮಾನ ನಿಲ್ದಾಣಗಳ ಊರು, ರಸ್ತೆ-ರೈಲುಗಳ ಗಂಟು. ಮಾರ್ಚ್ ಮೊದಲ ವಾರದಲ್ಲಿ ಬೀದಿ ಬೀದಿಯಲ್ಲಿ ಕಾದಾಡಿ ಊರನ್ನು ಹಿಡಿದರು. ಆಮೇಲೆ ತಿಂಗಳ ಕೊನೆಯವರೆಗೆ ಜಪಾನೀಯರು ಸುತ್ತುಗಟ್ಟಿ ಹೊಡೆದರು, ಊರು ಕೈಬಿಡಲಿಲ್ಲ.

ಊರಿನ ಪಕ್ಕದಲ್ಲಿ ಎರಡು ಕೆರೆಗಳು. ಟ್ಯಾಂಕು ಬರಬಹುದಾದ ದಾರಿಗಳನ್ನು ಅವು ಕಿರಿದು ಮಾಡಿಬಿಡುತ್ತವೆ. ಮೇಜಿನ ಮೇಲೆ ಕೆರೆ ಹಾಕದೆ ಮೇಕ್ತಿಲಾ ಆಡಿದರೆ ಆ ಕಾದಾಟದ ಕಷ್ಟವೇ ಅರ್ಥವಾಗುವುದಿಲ್ಲ. ಟ್ಯಾಂಕುನಾಶಕ ಫಿರಂಗಿ ಸಾಕಷ್ಟಿಲ್ಲದ ಜಪಾನೀ ಸೈನಿಕರು ಮಾಡಿದ ಉಪಾಯವನ್ನು ಸ್ಲಿಮ್ ತಮ್ಮ ‘ಡಿಫೀಟ್ ಇನ್‌ಟು ವಿಕ್ಟರಿ’ ಪುಸ್ತಕದಲ್ಲಿ ದಾಖಲಿಸಿದ್ದಾರೆ. ನೆಲದಲ್ಲಿ ತೋಡಿದ ಗುಂಡಿಯಲ್ಲಿ ಒಬ್ಬ ಸೈನಿಕ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಮೊಣಕಾಲುಗಳ ನಡುವೆ ಮೇಲ್ಮುಖವಾಗಿ ನಿಲ್ಲಿಸಿದ ವಿಮಾನದ ಬಾಂಬು, ಕೈಯಲ್ಲಿ ಒಂದು ಕಲ್ಲು. ಟ್ಯಾಂಕು ತಲೆಯ ಮೇಲೆ ಬಂದಾಗ ಕಲ್ಲಿನಿಂದ ಬಾಂಬಿನ ತುದಿಗೆ ಹೊಡೆಯಬೇಕು. ತಾನೂ ಹೋಗಬೇಕು, ಟ್ಯಾಂಕೂ ಹೋಗಬೇಕು.

ಇದನ್ನು ಮೇಜಿನ ಮೇಲೆ ಹೇಗೆ ಆಡುವುದು ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡಿದೆ. ಕಾಡಲೇಬೇಕಾದ ಪ್ರಶ್ನೆ ಅದು. ಕಂಪ್ಯೂಟರಿನ ಯುದ್ಧದಾಟಗಳಲ್ಲಿ ಇಂಥದ್ದು ಒಂದು ಸಿಡಿತವಾಗಿ ಮುಗಿದುಹೋಗುತ್ತದೆ. ಮೇಜಿನ ಆಟದಲ್ಲಿ ನಾವು ನಿಯಮ ಬರೆಯಬೇಕು, ಬರೆಯುವಾಗ ಆ ಮನುಷ್ಯ ಯಾಕೆ ಅಲ್ಲಿ ಕೂತ ಎಂದು ಯೋಚಿಸಲೇಬೇಕು. ನಾನು ಇಟ್ಟುಕೊಂಡ ಕ್ರಮ ಇದು: ಜಪಾನೀ ಪಕ್ಷದವರು ಗುಂಡಿಗಳ ಜಾಗವನ್ನು ಮೊದಲೇ ಚೀಟಿಯಲ್ಲಿ ಬರೆದಿಡುತ್ತಾರೆ. ಟ್ಯಾಂಕಿನ ಮುಂದೆ ಪದಾತಿಗಳು ನಡೆದರೆ ಗುಂಡಿ ಬಯಲಾಗುತ್ತದೆ, ಟ್ಯಾಂಕು ಒಂಟಿಯಾಗಿ ನುಗ್ಗಿದರೆ ದಾಳವೇ ಗತಿ. ಮೇಕ್ತಿಲಾದಲ್ಲೂ ಹೀಗೇ ಆಯಿತು. ಪ್ರತಿ ಟ್ಯಾಂಕಿನ ಹತ್ತಿರ ಪದಾತಿಗಳು ಕಣ್ಣಾಗಿ ನಡೆದರು, ಬಂಕರು ಕಂಡಾಗ ಟ್ಯಾಂಕು ಅವರಿಗಾಗಿ ಹೊಡೆಯಿತು. ಆ ಹೊಡೆತಕ್ಕೂ ಒಂದು ಕ್ರಮವಿತ್ತು: ಮೊದಲು ಸಿಡಿಗುಂಡಿನಿಂದ ಮರೆಯ ಗಿಡಗಂಟಿ ಹಾರಿಸುವುದು, ಆಮೇಲೆ ತಡವಾಗಿ ಸಿಡಿಯುವ ಗುಂಡಿನಿಂದ ಬಂಕರಿನ ಮುಖ ಒಡೆಯುವುದು, ನಮ್ಮವರು ತೀರಾ ಹತ್ತಿರ ಮುಟ್ಟಿದಾಗ ಸಿಡಿಯದ ಗಟ್ಟಿ ಗುಂಡು, ಅವರಿಗೆ ಚೂರು ತಾಗದಿರಲೆಂದು. ಕೊನೆಯ ಕೆಲವು ಗಜಗಳನ್ನು ಪದಾತಿಯೇ ದಾಟಬೇಕಿತ್ತು. ಮಾರ್ಚ್ 2ರಂದು 10ನೇ ಬಲೂಚ್ ರೆಜಿಮೆಂಟಿನ ನಾಯಕ್ ಫಜಲ್ ದೀನ್ ಅಂಥದ್ದೇ ಬಂಕರ್ ದಾಳಿಯಲ್ಲಿ ಎದೆಗೆ ಕತ್ತಿಯ ಇರಿತ ಬಿದ್ದ ಮೇಲೂ ಕಾದಾಡಿ ಮಡಿದರು. ವಿಕ್ಟೋರಿಯಾ ಕ್ರಾಸ್ ಮರಣೋತ್ತರವಾಗಿ ಬಂತು.

ಆಟದ ಅಳತೆಯಲ್ಲಿ ಒಂದು ತಿದ್ದಲಾಗದ ಸುಳ್ಳಿದೆ, ಹೊಸಬರು ಅದನ್ನು ಒಪ್ಪಿಕೊಂಡೇ ಬರಬೇಕು. ಆರಡಿ ಉದ್ದದ ಮೇಜು 1/72ರಲ್ಲಿ ಬರೀ 130 ಮೀಟರ್. ಶರ್ಮನ್‌ನ ಫಿರಂಗಿ ಸಾವಿರ ಮೀಟರ್ ಆಚೆಗೂ ಹೊಡೆಯುತ್ತಿತ್ತು. ಅಂದರೆ 14 ಮೀಟರ್ ಉದ್ದದ ಮೇಜು ಬೇಕು, ಮದುವೆ ಛತ್ರದ ಊಟದ ಸಾಲೇ ಆದೀತು. ಆದ್ದರಿಂದ ನಿಯಮಗಳು ದೂರವನ್ನು ಕುಗ್ಗಿಸುತ್ತವೆ. ‘ರ‍್ಯಾಪಿಡ್ ಫೈರ್’ ನಿಯಮಗಳಲ್ಲಿ ಒಂದು ಮಾದರಿ ಸುಮಾರು ಐದು ಟ್ಯಾಂಕುಗಳಿಗೆ ಪ್ರತಿನಿಧಿ. 2012ರಲ್ಲಿ ಬಂದ ‘ಬೋಲ್ಟ್ ಆ್ಯಕ್ಷನ್’ನಲ್ಲಿ ಒಂದಕ್ಕೆ ಒಂದೇ, ಆದರೆ ಯಾರ ಸರದಿ ಮುಂದಿನದು ಎನ್ನುವುದು ಚೀಲದಿಂದ ಎತ್ತಿದ ದಾಳದ ಬಣ್ಣದ ಮೇಲೆ. ನಿಮ್ಮ ಲೆಕ್ಕಾಚಾರವೆಲ್ಲ ಮುಗಿದು ಟ್ಯಾಂಕು ಮುನ್ನುಗ್ಗಬೇಕೆನ್ನುವಾಗ ಎದುರಾಳಿಯ ದಾಳ ಬರುತ್ತದೆ. ನನಗೆ ಈ ಚೀಲ ಇಷ್ಟ. ಯುದ್ಧದಲ್ಲಿ ಯಾರೂ ಯಾರಿಗೂ ಸರದಿ ಕೊಟ್ಟು ಕಾಯುವುದಿಲ್ಲ.

ಡೆಕ್ಕನ್ ಹಾರ್ಸ್‌ನ ಕಥೆ ಮೇಕ್ತಿಲಾಕ್ಕೆ ನಿಲ್ಲುವುದಿಲ್ಲ. ನಿಜಾಮರ ಕುದುರೆ ಸವಾರರಿಂದ ಬೆಳೆದ ರೆಜಿಮೆಂಟ್ ಅದು, ಹೈದರಾಬಾದ್ ಕಂಟಿಂಜೆಂಟಿನ ಕುಡಿ. ಆ ಕಂಟಿಂಜೆಂಟಿನ ಛಾವಣಿಗಳಲ್ಲಿ ನಮ್ಮ ಲಿಂಗಸೂಗೂರೂ ಒಂದಾಗಿತ್ತು. ಮೇಕ್ತಿಲಾದಲ್ಲಿ ಅವರ ಜೊತೆ ಅದೇ ಬ್ರಿಗೇಡಿನಲ್ಲಿದ್ದದ್ದು ಪ್ರೋಬಿನ್ಸ್ ಹಾರ್ಸ್. ಎರಡೂ ಒಂದೇ ಬಗೆಯ ಟ್ಯಾಂಕಿನಲ್ಲಿ, ಒಂದೇ ಧೂಳು ಕುಡಿದವು. 1947ರಲ್ಲಿ ಸೈನ್ಯವನ್ನು ಹಂಚಿದಾಗ ಡೆಕ್ಕನ್ ಹಾರ್ಸ್ ಭಾರತಕ್ಕೆ, ಪ್ರೋಬಿನ್ಸ್ ಹಾರ್ಸ್ ಪಾಕಿಸ್ತಾನಕ್ಕೆ ಹೋಯಿತು. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಅಸಲ್ ಉತ್ತರ್‌ನ ಕಬ್ಬಿನ ಗದ್ದೆಗಳಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳನ್ನು ಕಾದು ನಿಂತ ಭಾರತೀಯ ರೆಜಿಮೆಂಟುಗಳಲ್ಲಿ ಡೆಕ್ಕನ್ ಹಾರ್ಸ್ ಒಂದು. ಆಗಲೂ ಅವರ ಬಳಿ ಇದ್ದದ್ದು ಫಿರಂಗಿ ಬದಲಿಸಿದ ಶರ್ಮನ್‌ಗಳೇ. ಮೇಕ್ತಿಲಾ ಕಟ್ಟಿದವರಿಗೆ ಅಸಲ್ ಉತ್ತರ್ ದೂರವಲ್ಲ. ಅದೇ ಮೇಜಿಗೆ ಕೆರೆಯ ಬದಲು ನೀರು ಬಿಟ್ಟ ಗದ್ದೆ, ತಾಳೆಯ ಬದಲು ಕಬ್ಬು.

ಆದರೆ ಅದು ಮುಂದಿನ ಮಾತು. ಟ್ಯಾಂಕು ಸದ್ಯಕ್ಕೆ ಮುಗಿದಿದೆ, ಆಟಕ್ಕೆ ಇಳಿಯುವಂತಿಲ್ಲ. ಜೊತೆಗೆ ನಡೆಯಬೇಕಾದ ಬಲೂಚ್ ಪದಾತಿಗಳು ಇನ್ನೂ ಬೂದು ಪ್ರೈಮರಿನಲ್ಲೇ ನಿಂತಿದ್ದಾರೆ. ಬ್ರೆನ್ ಗನ್ ಹೊತ್ತವನು ಒಬ್ಬ, ರೈಫಲಿನವರು ಉಳಿದವರು. ಸಮವಸ್ತ್ರಕ್ಕೆ ಕಾಡುಹಸಿರು, ಪಟ್ಟಿ-ಚೀಲಗಳಿಗೆ ಅದಕ್ಕಿಂತ ತುಸು ಬೂದು ಬೆರೆತ ಹಸಿರು, ಬೂಟಿನಿಂದ ಮೊಣಕಾಲವರೆಗೆ ಟ್ಯಾಂಕಿಗೆ ಹಚ್ಚಿದ ಅದೇ ಧೂಳು. ಎಲ್ಲರಿಗಿಂತ ಮೊದಲು ಬಣ್ಣ ಬೀಳಬೇಕಾದದ್ದು ಟ್ಯಾಂಕಿಗೂ ನಾಲ್ಕು ಹೆಜ್ಜೆ ಮುಂದೆ, ನೆಲ ನೋಡುತ್ತ ಬಗ್ಗಿ ನಡೆಯುವ ಸಿಪಾಯಿಗೆ.